ಪಾಪುಗೆ ಗೌರಮ್ಮ ಅಂತ ಹೆಸರಾ?

ಗುಂಪು: ಅರಸೀಕೆರೆ ಮನೆಯವರು

ಅನಘಾ: 📎 ನಾಮಕರಣದ ಕಾರ್ಡ್. ಎಲ್ಲರೂ ಒಮ್ಮೆ ಓದಿ. ತಪ್ಪಿದ್ದರೆ ಈಗಲೇ ಹೇಳಿ, ನಾಳೆ ಪ್ರಿಂಟ್‌ಗೆ ಕೊಡಬೇಕು.

ಶೈಲಾ ಅತ್ತೆ: ತುಂಬಾ ಚೆನ್ನಾಗಿದೆ ಕಂದಾ. ಆದರೆ ಪಾಪು ಹೆಸರಿನ ಜಾಗದಲ್ಲಿ ನಮ್ಮಜ್ಜಿ ಹೆಸರು ಬಂದುಬಿಟ್ಟಿದೆ. ಸರಿ ಮಾಡಿಸು.

ಅನಘಾ: ಅತ್ತೆ, ಅದು ಪಾಪು ಹೆಸರೇ.

ಶೈಲಾ ಅತ್ತೆ: ಗೌರಿ ಅಂತಾನಾ?

ಅನಘಾ: ಅಲ್ಲ. ಗೌರಮ್ಮ.

ಕಿರಣ್ ಡಲ್ಲಾಸ್: 😂😂 ಈಗಷ್ಟೇ ಎದ್ದೆ. ಇದು ತಮಾಷೆ ಅಲ್ವಾ?

ಅನಘಾ: ಅಲ್ಲ ಕಣೋ. ನಾವಿಬ್ಬರೂ ಕೂತು ಮಾತಾಡಿ ಇಟ್ಟ ಹೆಸರು.

ಶೈಲಾ ಅತ್ತೆ: ನಾವು ಕಾಲೇಜಿಗೆ ಹೋಗುವಾಗ ಎರಡು ಜಡೆ ಹಾಕಿ, ತಲೆ ತಗ್ಗಿಸಿ ನಡೆಯುವವಳನ್ನು ಕಂಡರೆ 'ಬಂದಳು ನೋಡು ಗೌರಮ್ಮ' ಅಂತ ರೇಗಿಸುತ್ತಿದ್ದರು. ಈಗಲೂ ಹಬ್ಬಕ್ಕೆ ಸೀರೆ ಉಟ್ಟು ಹೂ ಮುಡಿದರೆ 'ಏನೇ, ಗೌರಮ್ಮ ಆಗಿಬಿಟ್ಟಿದ್ದೀಯ' ಅನ್ನುತ್ತಾರೆ. ಅದು ಹೆಸರಾಗಿ ಉಳಿದಿಲ್ಲ ಅನಘಾ.

ನಾನು: ಅತ್ತೆ, ರೇಗಿಸುವವರಿಗೆ ಒಬ್ಬ ಗೌರಮ್ಮನಾದರೂ ಗೊತ್ತಿದ್ದರೆ ತಾನೆ? ಕೊಡಗಿನ ಗೌರಮ್ಮನವರನ್ನೇ ನೋಡಿ. ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು, ವಿಧವೆಯರ ಬಗ್ಗೆ ಆ ಕಾಲಕ್ಕೆ ಹೆಚ್ಚಿನವರು ಬಾಯಿಬಿಡದ ಕಥೆ ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತು ಕರೆಸಿಕೊಂಡರು. ಬಂದವರಿಗೆ ಒಡವೆ ಬಿಚ್ಚಿ ಕೊಟ್ಟರು. ಇವರಾ ತಲೆ ತಗ್ಗಿಸಿ ನಡೆಯುವವರು?

ರಾಜಣ್ಣ ದೊಡ್ಡಪ್ಪ: ಅವರು 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. 27 ವಯಸ್ಸು. ನಾಮಕರಣದ ಹೊತ್ತಲ್ಲಿ ಹೇಳುವ ಉದಾಹರಣೆಯೇನಯ್ಯ ಇದು?

ಕಿರಣ್ ಡಲ್ಲಾಸ್: ದೊಡ್ಡಪ್ಪ 🙈 ನನ್ನ ಚಿಂತೆ ಬೇರೆ. ನಾಳೆ ಆ ಮಗು ಹೊರದೇಶಕ್ಕೆ ಬಂದರೆ ಇಲ್ಲಿನವರಿಗೆ ಈ ಹೆಸರು ಬಾಯಲ್ಲಿ ತಿರುಗಲ್ಲ.

ನಾನು: ವಿಕ್ಟೋರಿಯಾ ರಾಣಿಗೇ ತಿರುಗಿತ್ತು! ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳೂ ಗೌರಮ್ಮ. 1852ರಲ್ಲಿ ಲಂಡನ್ನಿಗೆ ಕರೆದುಕೊಂಡು ಹೋಗಿ ದೀಕ್ಷಾಸ್ನಾನ ಕೊಡಿಸಿದಾಗ ರಾಣಿಯೇ ಗಾಡ್‌ಮದರ್. ಹೆಸರಿನ ಮುಂದೆ ವಿಕ್ಟೋರಿಯಾ ಅಂತ ಸೇರಿಸಿದರು, ಗೌರಮ್ಮ ಅನ್ನೋದನ್ನ ತೆಗೆಯಲಿಲ್ಲ.

ರಾಜಣ್ಣ ದೊಡ್ಡಪ್ಪ: ಅವಳೂ 1864ರಲ್ಲಿ, 23 ತುಂಬುವ ಮೊದಲೇ ಹೋದಳು. ನಿನಗೆ ಬದುಕಿ ಬಾಳಿದ ಗೌರಮ್ಮ ಒಬ್ಬರೂ ಸಿಗಲಿಲ್ವಾ?

ನಾಗರಾಜ ಚಿಕ್ಕಪ್ಪ: ಅಣ್ಣ, ಪಕ್ಕದಲ್ಲೇ ಇದ್ದಾಳಲ್ಲ, ಮಾಡಾಳು ಗೌರಮ್ಮ! ಗೌರಿ ಹಬ್ಬಕ್ಕೆ ಕೂರಿಸಿದರೆ ಎಲ್ಲೆಲ್ಲಿಂದಲೋ ಬಂದು ಸಾಲಲ್ಲಿ ನಿಂತು ಕರ್ಪೂರ ಹಚ್ಚುತ್ತಾರೆ. ಚಿಕ್ಕಂದಿನಲ್ಲಿ ನಮ್ಮನ್ನೂ ಕರೆದುಕೊಂಡು ಹೋಗ್ತಿದ್ದರು. ನಮ್ಮ ತಾಲ್ಲೂಕಿನವರೇ ಈ ಹೆಸರಿಗೆ ನಾಚಿಕೊಂಡರೆ ಹೇಗೆ?

ರಾಜಣ್ಣ ದೊಡ್ಡಪ್ಪ: ದೇವರಿಗೆ ಯಾರೂ ಅಟೆಂಡೆನ್ಸ್ ಕೂಗಲ್ಲ. ಇರಲಿ. ಮಗು ಶತಭಿಷಾ ನಕ್ಷತ್ರ. ಗೊ, ಸ, ಸಿ, ಸು. ಗೊ ಬರುತ್ತೆ, ಗೌ ಬರಲ್ಲ.

ಅನಘಾ: ನಕ್ಷತ್ರದ ಹೆಸರು ಬೇರೆ ಇದೆ ದೊಡ್ಡಪ್ಪ. ಪುರೋಹಿತರು ಅದನ್ನು ಅಕ್ಕಿಯಲ್ಲಿ ಬರೆಸುತ್ತಾರೆ.

ಶೈಲಾ ಅತ್ತೆ: ಗೌರಿ ಅಂತಲೇ ಇಡು ತಾಯಿ. ಅಜ್ಜಿ ಹೆಸರೂ ಇಟ್ಟ ಹಾಗಾಯ್ತು, ಮಗುಗೂ ಒಪ್ಪುತ್ತೆ. ಎರಡೂ ಒಂದೇ ಅಲ್ವಾ?

ನಾನು: ಒಂದೇ ಅಲ್ಲ ಅತ್ತೆ. ಗೌರಿ ಹಳೆಯದಾಗಲೇ ಇಲ್ಲ, ವಾಪಸ್ ಬರೋಕೆ ಅದು ಎಲ್ಲಿಗೂ ಹೋಗಿಲ್ಲ. ಜಾನಕಿ, ಶಾರದಾ, ಮೀರಾ ಇವೆಲ್ಲ ಈಗ ಸ್ಟೈಲು. ಜಾನಕಮ್ಮ, ಶಾರದಮ್ಮ ಅಂದರೆ ಮಾತ್ರ ಮೂಗು ಮುರಿಯುತ್ತೇವೆ. ನಮಗೆ ಕಷ್ಟ ಕೊಡುತ್ತಿರೋದು ಕೊನೆಯ 'ಅಮ್ಮ' ಅಷ್ಟೇ. ಅದೇ 'ಅಮ್ಮ' ಸಾರಿನ ಪುಡಿ ಪೊಟ್ಟಣದ ಮೇಲೆ, ಉಪ್ಪಿನಕಾಯಿ ಬಾಟಲಿ ಮೇಲೆ, ಹೊಸ ಹೋಟೆಲಿನ ಬೋರ್ಡಿನ ಮೇಲೆ ಇದ್ದರೆ ಹತ್ತು ರೂಪಾಯಿ ಜಾಸ್ತಿ ಕೊಟ್ಟು ತಗೋತೀವಿ. ಮಗುಗೆ ಮಾತ್ರ ಬೇಡ.

ವೀಣಾ ಅತ್ತಿಗೆ ಧಾರವಾಡ: ನಮ್ಮ ಕಡೆನೂ ಇದೇ ಕತೆರೀ. ನೀಲವ್ವ, ಗಂಗವ್ವ, ಗೌರವ್ವ ಎಲ್ಲಾ ಅಜ್ಜಿಯರ ಹೆಸರು. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ದಿನಾ ಎಷ್ಟು ಮಂದಿ ದಾಟ್ತಾರೆ! ಅವರಲ್ಲಿ ಮಗಳಿಗೆ ಚೆನ್ನಮ್ಮ ಅಂತ ಇಟ್ಟೋರು ಯಾರು?

ಶೈಲಾ ಅತ್ತೆ: ಭಾಷಣ ಸಾಕು. ನಿನ್ನ ಮಗಳಿಗೆ ಯಾಕಪ್ಪಾ ಆದ್ಯಾ ಅಂತ ಇಟ್ಟೆ?

ನಾನು: ಹೆಸರಿಟ್ಟಿದ್ದು ಅವರಮ್ಮ, ನನ್ನನ್ನ ಯಾರು ಕೇಳಿದ್ರು 😄 ಈಗ ಕ್ಲಾಸಲ್ಲಿ ಇನ್ನೊಬ್ಬಳು ಆದ್ಯಾ ಇದ್ದಾಳೆ. ಟೀಚರ್ ಇನಿಷಿಯಲ್ ಸೇರಿಸಿ ಕೂಗುತ್ತಾರೆ.

ಶೈಲಾ ಅತ್ತೆ: ಕೂಗಲಿ ಬಿಡು, ಯಾರೂ ನಗಲ್ಲವಲ್ಲ. ಈ ಮಗುವನ್ನು ನೋಡಿ ನಗುತ್ತಾರೆ. ಆಗ ನೀವ್ಯಾರೂ ಪಕ್ಕದ ಬೆಂಚಲ್ಲಿ ಕೂತಿರಲ್ಲ. ಕೊಡಗಿನ ಗೌರಮ್ಮನ ಕಥೆಯನ್ನ ಯುಕೆಜಿ ಮಕ್ಕಳಿಗೆ ಹೇಳೋಕಾಗುತ್ತಾ?

ಅನಘಾ: ಅತ್ತೆ, ಈ ಮಾತು ನನಗೂ ರಾತ್ರಿ ನಿದ್ದೆ ಕೆಡಿಸಿದೆ. ಆದರೆ ಆ ಮಕ್ಕಳಿಗೆ ಗೌರಮ್ಮ ಅಂದರೆ ರೇಗಿಸುವ ಮಾತು ಅಂತಲೇ ಗೊತ್ತಿಲ್ಲ. ಅದು ಗೊತ್ತಿರೋದು ನಮ್ಮ ವಯಸ್ಸಿನವರಿಗೆ, ನಿಮ್ಮ ವಯಸ್ಸಿನವರಿಗೆ. ಅವರಿಗೆ ಕಲಿಸೋದೂ ನಾವೇ.

ಕಿರಣ್ ಡಲ್ಲಾಸ್: ಇದು ಪಾಯಿಂಟು.

ರಾಜಣ್ಣ ದೊಡ್ಡಪ್ಪ: ಅಮ್ಮನನ್ನು ಕೇಳಿದ್ದೀರಾ ಯಾರಾದರೂ? ಅವರ ತಾಯಿಯ ಹೆಸರು ಅದು.

ಶೈಲಾ ಅತ್ತೆ: ಇಲ್ಲೇ ಕಾಫಿ ಕುಡಿಯುತ್ತಿದ್ದಾರೆ. ಅವರು ಹೇಳಿದ್ದನ್ನ ಹಾಗೇ ಟೈಪ್ ಮಾಡುತ್ತೇನೆ.

ಶೈಲಾ ಅತ್ತೆ: "ನಮ್ಮಮ್ಮನಿಗೆ ಅವರ ತಂದೆಯ ತಾಯಿ ಹೆಸರಿಟ್ಟಿದ್ದು. ಸೊಸೆ ಅತ್ತೆ ಹೆಸರು ಹಿಡಿದು ಕೂಗೋ ಹಾಗಿಲ್ಲವಲ್ಲ, ಅದಕ್ಕೆ ಹೆತ್ತ ತಾಯಿಯೇ ಪುಟ್ಟಿ ಅಂತ ಕೂಗಿದಳು. ಆಮೇಲೆ ಊರಿಗೆಲ್ಲ ಪುಟ್ಟಕ್ಕ. ರೇಷನ್ ಕಾರ್ಡಲ್ಲಿ ಗೌರಮ್ಮ ಅಂತ ನೋಡಿ, ಇದು ಯಾರ ಮನೇದು ಅಂತ ನಾನೇ ಕೇಳಿದ್ದೆ. ನೀವೂ ಗೌರಮ್ಮ ಅಂತ ಇಟ್ಟು ಮನೇಲಿ ಪುಟ್ಟಿ, ಚಿನ್ನು ಅಂತ ಕೂಗೋದಾದರೆ ಇಡಲೇಬೇಡಿ."

ಅನಘಾ: ಗೌರಮ್ಮ ಅಂತಲೇ ಕೂಗುತ್ತೇವೆ ಅಜ್ಜಿ. ಬೈಯುವಾಗಲೂ.

ಶೈಲಾ ಅತ್ತೆ: "ಬೈಯುವಾಗ ಬೇಡ, ಅಷ್ಟಾದರೂ ಮರ್ಯಾದೆ ಇರಲಿ" ಅಂತೆ 😂 ನಾನು ಮಾತ್ರ ಗೌರಿ ಅಂತಲೇ ಕರೆಯೋದು. ಈಗಲೇ ಹೇಳಿದ್ದೇನೆ.

ನಾಗರಾಜ ಚಿಕ್ಕಪ್ಪ: ಕರೆಯೋದು ಏನಾದರೂ ಕರೀರಿ, ದಾಖಲೆಯಲ್ಲಿ ಎರಡು ಮಾಡಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಅದರಲ್ಲಿ ಹೆಸರು ಸೇರಿಸೋಕೆ 12 ತಿಂಗಳವರೆಗೆ ಶುಲ್ಕ ಇಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಮೊದಲೇ ನಿಶ್ಚಯ ಮಾಡಿಕೊಳ್ಳಿ.

ಕಿರಣ್ ಡಲ್ಲಾಸ್: ಜಿ, ಓ, ಡಬ್ಲ್ಯೂ.

ರಾಜಣ್ಣ ದೊಡ್ಡಪ್ಪ: ಡಬ್ಲ್ಯೂ ಯಾಕೆ? ಆ ರಾಜಕುಮಾರಿದು ಓ, ಯು.

ಶೈಲಾ ಅತ್ತೆ: ಓ, ಯು ಹಾಕಿದರೆ ಗೋರಮ್ಮ ಅಂತ ಓದುತ್ತಾರೆ. ಎ, ಯು ಹಾಕಿ.

ರಾಜಣ್ಣ ದೊಡ್ಡಪ್ಪ: ಎ, ಯು ಹಾಕಿದರೆ ಗಾರಮ್ಮ!

ಅನಘಾ: ಕಾರ್ಡು ಪೂರ್ತಿ ಕನ್ನಡದಲ್ಲೇ ಇದೆ. ಹಾಗೇ ಪ್ರಿಂಟ್‌ಗೆ ಕಳಿಸುತ್ತಿದ್ದೇನೆ. ಸ್ಪೆಲ್ಲಿಂಗ್ ಜಗಳಕ್ಕೆ ಇನ್ನೂ ಹನ್ನೊಂದು ತಿಂಗಳು ಟೈಮಿದೆ 🙏