ಕಂಠೀರವಕ್ಕೆ ಜನ ಕಡಿಮೆ ಆಗಿದ್ದಾರಾ, ಇಲ್ಲಾ ನನಗೇ ಹಾಗನ್ನಿಸುತ್ತಾ?

ಟಿಕೆಟ್ ಡಬ್ಬಿ:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಾಗಿ ಓದಿ.

ನಮ್ಮನೆ ಅಟ್ಟದ ಮೇಲೆ ಹಳೇ ಬಿಸ್ಕತ್ತಿನ ಡಬ್ಬಿ ಒಂದಿದೆ. ಅದರಲ್ಲಿ ನಾನು ನೋಡಿದ ಬೆಂಗಳೂರು ಎಫ್‌ಸಿ ಮ್ಯಾಚುಗಳ ಟಿಕೆಟ್ ಚೂರುಗಳಿವೆ. ಮೊದಲನೇದು 2013 ಸೆಪ್ಟೆಂಬರ್ 22ರದ್ದು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ, ಕೊಲ್ಕತ್ತಾದ ಮೋಹನ್ ಬಗಾನ್ ಎದುರು 1-1. ಆಗ ದೇಶದ ದೊಡ್ಡ ಲೀಗಾಗಿದ್ದ ಐ-ಲೀಗ್‌ನಲ್ಲಿ ಕ್ಲಬ್ಬಿನ ಮೊಟ್ಟಮೊದಲ ಮ್ಯಾಚ್ ಅದು. ಕಂಠೀರವಕ್ಕೆ ಬಂದದ್ದು ಆಮೇಲೆ. ಪ್ರತಿ ಚೂರಿನ ಹಿಂದೆ ಪೆನ್ಸಿಲಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದೇನೆ: ನಾನು ಕೂತ ಸಾಲಿನಲ್ಲಿ ಎಷ್ಟು ಜನ ಇದ್ದರು ಅಂತ. ಟಿಕೆಟ್ ಮೊಬೈಲಿಗೆ ಬಂದಮೇಲೆ ನಮ್ಮ ಅಂಗಡಿಯ ಬಿಲ್ ಹಾಳೆ ಹರಿದು ಅದರ ಮೇಲೆ ಬರೆಯುತ್ತೇನೆ. ಚಾಮರಾಜಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ನನ್ನದು. ಸ್ಟಾಕ್ ಬರೆಯುವ ಚಟ ಇಲ್ಲೂ ಬಿಟ್ಟಿಲ್ಲ.

ಹೋದ ತಿಂಗಳು ಮಗಳು ಇದನ್ನೆಲ್ಲ ಕಂಪ್ಯೂಟರಿಗೆ ಏರಿಸಿದಳು. ಜೊತೆಗೆ ಪೇಪರಿನಲ್ಲಿ ಬಂದ ಪ್ರೇಕ್ಷಕರ ಸಂಖ್ಯೆಯನ್ನೂ ಸಿಕ್ಕಷ್ಟು ಸೇರಿಸಿದಳು. ನಮ್ಮೂರಿನ (ಹೋಮ್) ಮ್ಯಾಚಿಗೆ ನೀಲಿ ಗೆರೆ, ಪರವೂರಿನ (ಅವೇ) ಮ್ಯಾಚಿಗೆ ಕೆಂಪು ಗೆರೆ. ನೀಲಿ ಗೆರೆ 2018ರವರೆಗೆ ಏರುತ್ತೆ, ಆಮೇಲೆ ಪಾತಾಳಕ್ಕೆ ಬೀಳುತ್ತೆ, ಮತ್ತೆ ಏಳುತ್ತೆ. ಆದರೆ ಮೊದಲಿನ ಎತ್ತರ ಮುಟ್ಟಲ್ಲ. ಕೆಂಪು ಗೆರೆ ಮಾತ್ರ 2022ರ ನಂತರ ಜಿಗಿದಿದೆ. ಅಂದರೆ ಊರಲ್ಲಿ ನೋಡುವವರು ಕಮ್ಮಿ, ಪರವೂರಲ್ಲಿ ಜಾಸ್ತಿ. ತವರುಮನೆಯಲ್ಲಿ ಕೇಳೋರಿಲ್ಲ, ಗಂಡನ ಮನೆಯಲ್ಲಿ ಮೆರವಣಿಗೆ ಅನ್ನೋ ಹಾಗಾಯ್ತು ನಮ್ಮ ಟೀಮಿನ ಕಥೆ.

ನನ್ನ ಸ್ನೇಹಿತ ಒಬ್ಬ, "ಹೊಸದರಲ್ಲಿ ಎಲ್ಲರಿಗೂ ಹುಚ್ಚು, ಈಗ ಇಳಿದಿದೆ ಅಷ್ಟೇ" ಅಂತಾನೆ. ನನಗೆ ಯಾಕೋ ಒಪ್ಪಿಗೆ ಆಗ್ತಿಲ್ಲ. ವರ್ಷಗಟ್ಟಲೆ ಹೋಗುತ್ತಿರುವವರು ಹೇಳಿ. ನಿಜವಾಗಿ ಜನ ಕಮ್ಮಿ ಆದರಾ, ಇಲ್ಲಾ ನಾನು ಲೆಕ್ಕ ಹಾಕಿದ್ದೇ ತಪ್ಪಾ?

ಗೋಲ್‌ಪೋಸ್ಟ್ ಮಂಜ:

ಗುರುಗಳೇ, ಆ "ಪಾತಾಳ" ಯಾವ ವರ್ಷ? 2020-21, 2021-22 ಆದರೆ ಅದು ಕೊರೊನಾ. ಎರಡು ಸೀಸನ್ ಪೂರ್ತಿ ಗೋವಾದಲ್ಲೇ ನಡೀತು. ನಮ್ಮ "ಹೋಮ್" ಮ್ಯಾಚೂ ಗೋವಾ, "ಅವೇ" ಮ್ಯಾಚೂ ಗೋವಾ, ಲೀಗ್ ಮ್ಯಾಚುಗಳಿಗೆ ಗ್ಯಾಲರಿ ಪೂರ್ತಿ ಖಾಲಿ. ಅಲ್ಲಿ ನೀವು 0 ಹಾಕಿದ್ದರೆ ಸರಾಸರಿ ಕೆಟ್ಟುಹೋಗುತ್ತೆ. ಅಂಗಡಿಗೆ ಬಾಗಿಲು ಹಾಕಿದ ದಿನ ವ್ಯಾಪಾರ ಸೊನ್ನೆ ಅಂತ ಬರೀತೀರಾ, ರಜಾ ಅಂತ ಬರೀತೀರಾ?

ಟಿಕೆಟ್ ಡಬ್ಬಿ:

ಮಂಜಣ್ಣ, ಮಾನ ಕಳೆದಿರಿ. ಮಗಳು ಆ ಜಾಗ ಖಾಲಿ ಬಿಟ್ಟಿದ್ದಳು. "ಅರ್ಧಂಬರ್ಧ ಮಾಡ್ತೀಯ" ಅಂತ ಬೈದು ನಾನೇ 0 ತುಂಬಿಸಿದೆ. ಈಗ ತೆಗೆದೆ. ಪಾತಾಳ ಹೋಯ್ತು. ಆದರೂ 2018ರ ಎತ್ತರ ಹಾಗೇ ನಿಂತಿದೆ.

ಮರ್ಫಿಟೌನ್ ಅಕ್ಕ:

ಸಾರ್, 2018ರ ಎತ್ತರಕ್ಕೆ ಒಂದು ಮ್ಯಾಚಿನ ಕೈವಾಡ ಇದೆ. ಮಾರ್ಚ್ 17ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಕಂಠೀರವದಲ್ಲೇ ಆಯ್ತಲ್ಲ. ಚೆನ್ನೈಯಿನ್ ಎದುರು 2-3 ಸೋತದ್ದು. ನಮ್ಮ ಕ್ಯಾಪ್ಟನ್ ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಹೆಡ್ ಮಾಡಿ ಗೋಲ್ ಹೊಡೆದಾಗ ಅಪ್ಪು ಹುಟ್ಟುಹಬ್ಬಕ್ಕೆ ಕಪ್ ಗ್ಯಾರಂಟಿ ಅಂತ ನಮ್ಮ ಹಿಂದಿನ ಸಾಲಿನವರು ಕುಣಿದಾಡಿದರು. ಆಮೇಲೆ ಮೈಲ್ಸನ್ ಆಲ್ವೆಸ್ ಎರಡು ಹೆಡ್ಡರ್ ಹಾಕಿ ಎಲ್ಲರನ್ನೂ ಕೂರಿಸಿದ. ಆ ದಿನ 25 ಸಾವಿರದ ಮೇಲೆ ಜನ. ಸ್ಟೇಡಿಯಂ ಹಿಡಿಸುವುದೇ ಹೆಚ್ಚುಕಮ್ಮಿ ಅಷ್ಟು. ಸೀಸನ್ನಿಗೆ ಹತ್ತು ಚಿಲ್ಲರೆ ಹೋಮ್ ಮ್ಯಾಚ್ ಇರುವಾಗ ಇಂಥದ್ದೊಂದು ಸೇರಿದರೆ ಸರಾಸರಿ ಉಬ್ಬದೆ ಇರುತ್ತಾ? ಮುಂದಿನ ವರ್ಷ ಸರಿಯಾಗಿ ಅದೇ ಮಾರ್ಚ್ 17ಕ್ಕೆ ಕಪ್ ಗೆದ್ದೆವು. ಆದರೆ ಫೈನಲ್ ಮುಂಬೈಯಲ್ಲಿತ್ತು. ರಾಹುಲ್ ಭೇಕೆ 117ನೇ ನಿಮಿಷಕ್ಕೆ ಹೊಡೆದದ್ದು ನಿಮ್ಮ ನೀಲಿ ಗೆರೆಗೆ ಸೇರಲೇ ಇಲ್ಲ. ಗೆದ್ದ ವರ್ಷದ ಗೆರೆ ಸೋತ ವರ್ಷಕ್ಕಿಂತ ಕೆಳಗಿದ್ದರೆ ಅದಕ್ಕೇ.

ಇನ್ನೊಂದು. ಹೋಮ್ ಮ್ಯಾಚಿಗೆ ಬಂದವರೆಲ್ಲ ನಮ್ಮವರು ಅಂದ್ಕೋಬೇಡಿ. ಇದು ಬೆಂಗಳೂರು. ಕೇರಳದವರು, ಬಂಗಾಳದವರು, ಈಶಾನ್ಯದವರು ಎಲ್ಲರೂ ಇಲ್ಲೇ ಮನೆ ಮಾಡಿಕೊಂಡಿದ್ದಾರೆ. 2015 ಮೇ 31 ನೆನಪಿದೆಯಾ? ಐ-ಲೀಗ್ ಕೊನೇ ದಿನ, ಮೋಹನ್ ಬಗಾನ್‌ಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. ಜಾನ್ ಜಾನ್ಸನ್ ಹೆಡ್ ಮಾಡಿ 1-0 ಮಾಡಿದ. ಮಳೆ ಹೇಗೆ ಸುರೀತು ಅಂದರೆ, ಈ ಸ್ಟೇಡಿಯಂ ಸಂಪಂಗಿ ಕೆರೆಯ ಮೇಲೆ ಕಟ್ಟಿದ್ದು ಅನ್ನೋದು ಕಣ್ಣಿಗೇ ಕಾಣಿಸ್ತು. 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ಹೆಡ್ಡರ್, 1-1. ನಮ್ಮ ಕಡೆ ಸಾವು ಮನೆ. ಎದುರು ಗ್ಯಾಲರಿಯಲ್ಲಿ ಹಸಿರು-ಮೆರೂನ್ ಹಬ್ಬ. ಕೊಲ್ಕತ್ತಾದಿಂದ ರೈಲು ಹತ್ತಿ ಬಂದವರು ಎಷ್ಟೋ, ಮಾರತಹಳ್ಳಿಯಿಂದ ಬಸ್ಸಲ್ಲಿ ಬಂದವರು ಎಷ್ಟೋ. ಲೆಕ್ಕದಲ್ಲಿ ಅವರೆಲ್ಲ "ಬೆಂಗಳೂರು ಹೋಮ್".

ಕೇರಳ ಬ್ಲಾಸ್ಟರ್ಸ್ ಬಂದಾಗಲೂ ಅಷ್ಟೇ. 2023 ಮಾರ್ಚ್ 3, ಶುಕ್ರವಾರ. ಅವರು ಸಜ್ಜಾಗುವ ಮೊದಲೇ ಛೆಟ್ರಿ ಕ್ವಿಕ್ ಫ್ರೀಕಿಕ್ ಹೊಡೆದು ಗೋಲ್ ಮಾಡಿದ, ಅವರು ಮೈದಾನ ಬಿಟ್ಟು ನಡೆದೇ ಬಿಟ್ಟರು. ಆ ಗಲಾಟೆಯ ಹೊತ್ತಿಗೆ ಅವರ ಹಳದಿ ಜೆರ್ಸಿ ಎಲ್ಲಿಂದ ಎಲ್ಲಿವರೆಗೆ ಕೂತಿದೆ ಅಂತ ಎದ್ದು ನಿಂತು ನೋಡಿದೆ. ನಾವೇ ಅವೇ ಬಂದಿದ್ದೀವೇನೋ ಅನ್ನಿಸ್ತು ಒಂದು ಕ್ಷಣ.

ಅದಕ್ಕೇ ಹೇಳ್ತೀನಿ, ಎದುರಾಳಿ ಯಾರು ಅಂತ ನೋಡಿ ಹೋಮ್ ಲೆಕ್ಕವನ್ನು ಬೇರೆ ಮಾಡಿ. ಬಗಾನ್, ಬ್ಲಾಸ್ಟರ್ಸ್ ಒಂದು ಕಡೆ. ಜಮ್‌ಶೆಡ್‌ಪುರ, ಒಡಿಶಾ ಇನ್ನೊಂದು ಕಡೆ. ಎರಡನೇ ಗುಂಪಿನ ಮ್ಯಾಚಿಗೆ ಬರೋರೇ ನಮ್ಮ ಅಸಲು ಗಿರಾಕಿ. ಅವರು ಹೆಚ್ಚಿದರಾ ಕಮ್ಮಿಯಾದರಾ ನೋಡಿ ಆಮೇಲೆ ಅಳೋಣ.

ಕೆಂಪು ಗೆರೆ ಜಿಗಿದದ್ದು ಇನ್ನೂ ಸುಲಭ. ಬಗಾನ್ ಮತ್ತು ಈಸ್ಟ್ ಬೆಂಗಾಲ್ ಐಎಸ್‌ಎಲ್‌ಗೆ ಬಂದದ್ದು 2020ರಲ್ಲಿ. ಗ್ಯಾಲರಿ ಬಾಗಿಲು ತೆಗೆದದ್ದು 2022ರಲ್ಲಿ. ಅಲ್ಲಿಂದ ವರ್ಷಕ್ಕೆ ಎರಡು ಸಲ ಕೊಲ್ಕತ್ತಾದ ದೊಡ್ಡ ಸ್ಟೇಡಿಯಂ ಸಾಲ್ಟ್‌ಲೇಕ್ ನಮ್ಮ ಅವೇ ಪಟ್ಟಿಯಲ್ಲಿ. 2024ರಲ್ಲಿ ಮೊಹಮ್ಮಡನ್ ಸೇರಿ ಕೊಲ್ಕತ್ತಾಗೆ ಮೂರನೇ ಸಲ. ಆ ಜನ ನಮ್ಮನ್ನ ನೋಡೋಕೆ ಬಂದವರಲ್ಲ ಸಾರ್!

ಗೌತಮಪುರ ಹಿರಿಯ:

ತಮ್ಮಾ, ನಮ್ಮ ಕೇರಿಯಲ್ಲಿ ಪೆಲೆ ಪ್ರತಿಮೆ ಇದೆ, ಬಂದು ನೋಡು. ಅಶೋಕನಗರದಲ್ಲಿ ಐಟಿಐ, ಎಚ್‌ಎಎಲ್ ಫ್ಯಾಕ್ಟರಿ ಟೀಮುಗಳ ಆಟ ನೋಡಿ ಬೆಳೆದವನು ನಾನು. ಫ್ಯಾಕ್ಟರಿ ಶಿಫ್ಟ್ ಬಿಟ್ಟು ಸೈಕಲ್ಲಲ್ಲೇ ಬರುತ್ತಿದ್ದರು ಜನ. ಇದೇ ಎಚ್‌ಎಎಲ್ 2010ರ ಮೇಲೆ ಐ-ಲೀಗ್ ಆಡಿದಾಗ ಹೋದರೆ ಕಡಲೆಕಾಯಿ ಮಾರುವವನಿಗೆ ಬೋಣಿ ಆಗುವುದೇ ಕಷ್ಟ. ಎರಡೇ ವರ್ಷ ಕಳೆದು ಅದೇ ಜಾಗದಲ್ಲಿ ಬೆಂಗಳೂರು ಎಫ್‌ಸಿಗೆ ಎಂಟು ಸಾವಿರದ ಸ್ಟೇಡಿಯಂ ತುಂಬಿತು. ಊರು ಅದೇ, ಮೆಟ್ಟಿಲು ಅದೇ. ಹುಚ್ಚು ಇಳಿಯಿತು ಅನ್ನುವ ನಿನ್ನ ಸ್ನೇಹಿತ ಎಚ್‌ಎಎಲ್ ಕಾಲದಲ್ಲಿ ಒಂದು ಸಂಜೆ ಬಂದು ಕೂರಬೇಕಿತ್ತು.

ಇನ್ನು ದೊಡ್ಡ ಊರಿನ ದೊಡ್ಡ ಸಂಖ್ಯೆ ನಂಬಬೇಡ. ಸಾಲ್ಟ್‌ಲೇಕಿನಲ್ಲಿ 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ, ಬಗಾನ್ ಮೇಲೆ ಈಸ್ಟ್ ಬೆಂಗಾಲ್‌ನ ಭುಟಿಯಾ ಹ್ಯಾಟ್ರಿಕ್ ಹೊಡೆದ ದಿನ, 1 ಲಕ್ಷ 31 ಸಾವಿರ ಜನ ಅಂತ ದಾಖಲೆ. ಈಗ ಅಲ್ಲಿ ಎಷ್ಟು ಗುದ್ದಾಡಿದರೂ 70 ಸಾವಿರ ಮುಟ್ಟಲ್ಲ. ಕೊಲ್ಕತ್ತಾದವರಿಗೆ ಆಟ ಬೇಸರ ಬಂತಾ? ಇಲ್ಲ. ಕುರ್ಚಿ ಹಾಕಿದರು. 2017ರ ಹುಡುಗರ ವಿಶ್ವಕಪ್‌ಗೆ ಒಬ್ಬೊಬ್ಬರಿಗೂ ಒಂದೊಂದು ಸೀಟು ಅಂತಾಯಿತು. ಕೊಚ್ಚಿಯಲ್ಲೂ ಅದೇ ಕಥೆ. 2016ರ ಐಎಸ್‌ಎಲ್ ಫೈನಲ್‌ಗೆ 54 ಸಾವಿರ ಇದ್ದದ್ದು, ಮರುವರ್ಷ ಹಿಡಿಸುವುದೇ 40 ಸಾವಿರದ ಹತ್ತಿರ. ಮೆಟ್ಟಿಲ ಮೇಲೆ ಒತ್ತಿಕೊಂಡು ಮೂರು ಜನ ಕೂರುವ ಕಡೆ ಕುರ್ಚಿ ಇಟ್ಟರೆ ಇಬ್ಬರೇ.

ಸಂಡರ್‌ಲ್ಯಾಂಡ್ ಸುಳ್ಯದವ:

ಓದೋಕೆ ಇಂಗ್ಲೆಂಡಿಗೆ ಬಂದು ಇಲ್ಲೇ ಉಳಿದವನು ನಾನು. ಇಲ್ಲಿನ ಕಥೆ ಚಿಕ್ಕದಾಗಿ ಹೇಳ್ತೀನಿ. ಸಂಡರ್‌ಲ್ಯಾಂಡ್ 2018ರಲ್ಲಿ ಮೂರನೇ ದರ್ಜೆಗೆ ಬಿತ್ತು. ಆದರೂ ಆ ಸೀಸನ್ ಸರಾಸರಿ 30 ಸಾವಿರ ದಾಟಿತು. ಕ್ರಿಸ್‌ಮಸ್ ಮರುದಿನ ಬ್ರಾಡ್‌ಫರ್ಡ್ ಎದುರು 46,039. ಸೋತರೂ ಬರುವವರು ಬರುತ್ತಾರೆ, ಯಾಕಂದ್ರೆ ಶನಿವಾರ ಮಧ್ಯಾಹ್ನ ಮೂರು ಗಂಟೆ ಅನ್ನೋದು ಅಪ್ಪನ ಕಾಲದಿಂದ ರೂಢಿ. ನಮ್ಮ ಹಾಗೆ ಒಂದು ವಾರ ಬುಧವಾರ, ಇನ್ನೊಂದು ವಾರ ಭಾನುವಾರ ಅಂತ ಇಲ್ಲ.

ಅವೇ ಲೆಕ್ಕ ಇಲ್ಲಿ ಬೇರೇನೇ ಇರುತ್ತೆ. ಬಂದ ಊರಿನವರಿಗೆ ಬೇರೆ ಗ್ಯಾಲರಿ, ಬೇರೆ ಗೇಟು, ಅವರ ಕ್ಲಬ್ಬಿನಿಂದಲೇ ಟಿಕೆಟ್. ಪ್ರೀಮಿಯರ್ ಲೀಗ್‌ನಲ್ಲಿ ಅವೇ ಟಿಕೆಟ್ 30 ಪೌಂಡ್ ದಾಟಬಾರದು ಅಂತ 2016ರಿಂದ ನಿಯಮ. ಹಾಗಾಗಿ "ನಮ್ಮವರು 3 ಸಾವಿರ ಹೋಗಿದ್ದರು" ಅಂತ ಕರಾರುವಾಕ್ಕಾಗಿ ಹೇಳಬಹುದು. ಒಂದು ಎಚ್ಚರ: ಇಲ್ಲೂ ಘೋಷಿಸೋದು ಮಾರಿದ ಟಿಕೆಟ್ ಸಂಖ್ಯೆ. ಸೀಸನ್ ಟಿಕೆಟ್ ತಗೊಂಡು ಮನೆಯಲ್ಲಿ ಮಲಗಿದವನೂ ಅದರಲ್ಲಿ ಸೇರಿರುತ್ತಾನೆ. ನಿಮ್ಮ ಪೆನ್ಸಿಲ್ ಲೆಕ್ಕ ಅದಕ್ಕಿಂತ ಎಷ್ಟೋ ಮೇಲು ಸಾರ್.

ಟಿಕೆಟ್ ಡಬ್ಬಿ:

ಎಲ್ಲರಿಗೂ ಉಪಕಾರ ಆಯ್ತು. ನಿನ್ನೆ ಅಂಗಡಿ ಬೇಗ ಮುಚ್ಚಿ ಡಬ್ಬಿ ನೆಲಕ್ಕೆ ಸುರಿದು ಕೂತೆ. ಅಕ್ಕ ಹೇಳಿದಂತೆ ಬಗಾನ್, ಬ್ಲಾಸ್ಟರ್ಸ್, ಫೈನಲ್ ಎಲ್ಲ ಪಕ್ಕಕ್ಕಿಟ್ಟೆ. ಉಳಿದದ್ದನ್ನು ವಾರದ ದಿನದ ಮೇಲೆ ಎರಡು ಗುಡ್ಡೆ ಮಾಡಿದೆ. ಶನಿವಾರ-ಭಾನುವಾರದ ಗುಡ್ಡೆಯಲ್ಲಿ ನನ್ನ ಸಾಲು ಅಂದೂ ಮುಕ್ಕಾಲು, ಇಂದೂ ಮುಕ್ಕಾಲು. ಇಳಿದಿರೋದು ವಾರದ ನಡುವಿನ ಮ್ಯಾಚು. ರಾತ್ರಿ ಏಳೂವರೆ ಎಂಟಕ್ಕೆ ಶುರುವಾದರೆ ಮುಗಿಯೋದು ಹತ್ತು. ಮೊದಲು ನನ್ನ ಪಕ್ಕ ಒಬ್ಬರು ಮೇಷ್ಟ್ರು ಇಬ್ಬರು ಮಕ್ಕಳನ್ನ ಕರೆದುಕೊಂಡು ಬರುತ್ತಿದ್ದರು, ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು. ಅವರು ಬರೋದು ಬಿಟ್ಟು ವರ್ಷಗಳಾದವು. "ಬೆಳಿಗ್ಗೆ ಸ್ಕೂಲಿದೆ ಸಾರ್" ಅಂದಿದ್ದರು. ಮೂರು ಸೀಟು ಖಾಲಿಯಾದದ್ದು ಹಾಗೆ.

ಆದರೆ ಒಂದು ಚೀಟಿ ಇದಕ್ಕೆಲ್ಲ ಅಡ್ಡ ಬರುತ್ತೆ. 2016 ಅಕ್ಟೋಬರ್ 19, ಬುಧವಾರ, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್, ಮಲೇಷ್ಯಾದ ಜೊಹೊರ್ ಎದುರು 3-1. ಹಿಂದೆ ಬರೆದಿದ್ದೇನೆ: "ಸಾಲು ಪೂರ್ತಿ, ಮೆಟ್ಟಿಲ ಮೇಲೆ 4." ವಾರದ ನಡುವೇ ಆಗಿದ್ದು. ಅದೇ ವರ್ಷ ಏಪ್ರಿಲ್ ಕೊನೆಗೆ ಕಬ್ಬನ್ ಪಾರ್ಕಿಗೆ ಮೆಟ್ರೋ ಬಂದಿತ್ತು, ಅದೂ ಕಾರಣ ಇರಬಹುದು. ಆದರೆ ಆ ರಾತ್ರಿ ಮೆಟ್ರೋ ಇಲ್ಲದಿದ್ದರೂ ಜನ ನಡೆದೇ ಬರುತ್ತಿದ್ದರು ಬಿಡಿ.

ಇದಕ್ಕೆ ತಿರುಗಾಮುರುಗಾ ಇನ್ನೊಂದು. 2018 ಜೂನ್ 1, ಮುಂಬೈ, ಭಾರತ-ಚೈನೀಸ್ ತೈಪೆ. ಛೆಟ್ರಿ ಹ್ಯಾಟ್ರಿಕ್ ಹೊಡೆದರೂ ನೋಡಿದವರು 2,569 ಜನ. ಮರುದಿನ ಆತ ವಿಡಿಯೊದಲ್ಲಿ, ಬೈಯೋದಾದರೂ ಸ್ಟೇಡಿಯಂಗೆ ಬಂದು ಬೈಯಿರಿ ಅಂತ ಕೇಳಿಕೊಂಡ. ಕೀನ್ಯಾ ಮ್ಯಾಚು ಸೋಮವಾರ, ಟಿಕೆಟ್ ಪೂರ್ತಿ ಖಾಲಿ. ಆಟಗಾರ ಅದೇ, ಸ್ಟೇಡಿಯಂ ಅದೇ, ಮಧ್ಯೆ ಎರಡು ದಿನ. ಇದನ್ನ ಯಾವ ಗೆರೆಯಲ್ಲಿ ತೋರಿಸೋದು?

ಕೆಂಪು ಗೆರೆ ಅಳಿಸಿಬಿಟ್ಟೆ. ಅದರ ಬದಲು ಹೊಸ ಕಾಲಂ: ಅವೇ ಮ್ಯಾಚಿಗೆ ಹೋದ ನಮ್ಮವರು ಎಷ್ಟು. ನನ್ನ ಹತ್ತಿರ ಇರುವ ಗಟ್ಟಿ ಲೆಕ್ಕ ಒಂದೇ ಒಂದು. 2017 ಡಿಸೆಂಬರ್ 31, ಕೊಚ್ಚಿ, 3-1 ಗೆದ್ದದ್ದು. ರಾತ್ರಿಯೆಲ್ಲ ಬಸ್ಸು, ಎಸಿ ಕೆಟ್ಟು ಕಿಟಕಿಯೂ ತೆಗೆಯೋಕಾಗದೆ ಸೇಲಂ ದಾಟುವ ಹೊತ್ತಿಗೆ ಎಲ್ಲರೂ ಬೆವರಿನಲ್ಲಿ ಒದ್ದೆ. ಸುತ್ತ ಹಳದಿ ಸಮುದ್ರ, ನಡುವೆ ನಮ್ಮ ಗುಂಪು. ನಾನು ಎಣಿಸಿದ್ದೆ, ನಮ್ಮ ಮೂಲೆಯಲ್ಲಿ 38. ಆ ದಿನ ಅಲ್ಲಿದ್ದವರು ಯಾರಾದರೂ ಇದ್ದರೆ ಸರಿಯಾ ಹೇಳಿ, ಪೆನ್ಸಿಲ್ ತೆಗೆದು ಪೆನ್ನಲ್ಲಿ ಬರೀತೀನಿ.

ಗೋಲ್‌ಪೋಸ್ಟ್ ಮಂಜ:

39 ಮಾಡಿ. ನಾನು ನಿಮ್ಮ ಮೂಲೆಯಲ್ಲಿರಲಿಲ್ಲ. ಕಾಲೇಜಿನ ಮಲಯಾಳಿ ಸ್ನೇಹಿತ ಟಿಕೆಟ್ ತೆಗೆದಿದ್ದ, ಹಳದಿ ಗ್ಯಾಲರಿಯ ನಟ್ಟನಡುವೆ. ನೀಲಿ ಜೆರ್ಸಿ ಮೇಲೆ ಚೆಕ್ಸ್ ಶರ್ಟ್ ಹಾಕಿ ಕತ್ತಿನವರೆಗೆ ಗುಂಡಿ ಹಾಕಿ ಕೂತಿದ್ದೆ. ಕೊನೆಯಲ್ಲಿ ನಮ್ಮ ಮಿಕು ಗೋಲ್ ಹೊಡೆದಾಗ ಬಾಯಿಗೆ ಕೈ ಅಡ್ಡ ಇಟ್ಟು ಕೆಮ್ಮು ಬಂದವನ ಹಾಗೆ ಬಗ್ಗಿಬಿಟ್ಟೆ. ಪಕ್ಕದ ಅಜ್ಜ ಪಾಪ ನೀರಿನ ಬಾಟಲಿ ಕೊಟ್ಟರು.