ಕಲಬುರಗಿಯಲ್ಲೇ ಇದ್ದು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಬದುಕಬಹುದಾ?

ಆಳಂದದ ಹುಡುಗಿ:
ಬಿಎ ಕೊನೆ ವರ್ಷ, ಸೈಕಾಲಜಿ ಮೇಜರ್. ಮನೆಯಲ್ಲಿ ಬಿಎಡ್ ಮಾಡು ಅನ್ನುತ್ತಾರೆ. ನನಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು, ಅದೂ ಬೆಂಗಳೂರಲ್ಲಲ್ಲ, ಇಲ್ಲೇ. ಅಪ್ಪ ಕೇಳೋದು ಒಂದೇ: "ಹುಚ್ಚರ ಡಾಕ್ಟರ್ ಹತ್ರ ನಮ್ಮ ಕಡಿ ಯಾರು ಬರ್ತಾರ?" ಒಂದು ಸಂಸ್ಥೆಯವರು ಆರು ತಿಂಗಳ ಆನ್‌ಲೈನ್ ಡಿಪ್ಲೊಮಾ ಸಾಕು, ಆಮೇಲೆ ಬೋರ್ಡ್ ಹಾಕಿಕೊಳ್ಳಬಹುದು ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ನಿಜವಾ?

ಬೀದರ್ ಕೋಟೆ:
ಸುಳ್ಳು. ದುಡ್ಡು ಕಟ್ಟಬೇಡಿ. ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಒಪ್ಪಿದ ಕೋರ್ಸ್ ಮುಗಿಸಿ ಅದರ ರಿಜಿಸ್ಟರಿನಲ್ಲಿ ಹೆಸರು ಬರಬೇಕು, ಆಗಲೇ ಆ ಬೋರ್ಡ್. ಇಷ್ಟು ದಿನ ದಾರಿ ನೇರ ಇತ್ತು: ಸೈಕಾಲಜಿಯಲ್ಲಿ ಎಂಎ ಅಥವಾ ಎಂಎಸ್ಸಿ, 55% ಅಂಕ, ಪ್ರವೇಶ ಪರೀಕ್ಷೆ, ನಂತರ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂಫಿಲ್. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2023ರ ಕೊನೆಗೆ ಎಂಫಿಲ್ ಬೇಡ ಎಂದಿತು, ಆಮೇಲೆ ಈ ವಿಷಯಕ್ಕೆ 2025-26ರ ತನಕ ಬಿಟ್ಟಿತು. ಹಾಗಾಗಿ ನಿಮ್ಮ ಬ್ಯಾಚಿಗೆ ಕೋರ್ಸಿನ ಹೆಸರು ಬೇರೆ ಇರಬಹುದು. ಹೆಸರು ಏನೇ ಇರಲಿ, ಫೀಸ್ ಕಟ್ಟುವ ಮೊದಲು ಆರ್‌ಸಿಐ ಪಟ್ಟಿಯಲ್ಲಿ ಆ ಕಾಲೇಜು, ಆ ಕೋರ್ಸ್ ಎರಡೂ ಇವೆಯಾ ನೋಡಿ.

ಇನ್ನು ಅಪ್ಪನ ಪ್ರಶ್ನೆ. ಜಿಲ್ಲೆಗೊಂದು ಮಾನಸಿಕ ಆರೋಗ್ಯ ತಂಡ ಎನ್ನುವ ಮಾದರಿಯನ್ನು 80ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ಬಳ್ಳಾರಿಯಲ್ಲಿ, ಬೆಂಗಳೂರಲ್ಲಲ್ಲ. 1996ರಲ್ಲಿ ಅದೇ ದೇಶದ ಕಾರ್ಯಕ್ರಮವಾಯಿತು. ನಮ್ಮ ಕಡೆಯವರು ಬರುತ್ತಾರೆ. ಆದರೆ ಯಾರೂ "ಮನಸ್ಸು ಸರಿ ಇಲ್ಲ" ಅಂತ ಬರೋದಿಲ್ಲ. ತಲೆಶೂಲೆ, ಎದೆ ಡವಡವ, ಕೈಕಾಲು ಜೋಮು ಅಂತ ಹತ್ತು ಡಾಕ್ಟರನ್ನು ನೋಡಿ, ಗಾಣಗಾಪುರಕ್ಕೋ ದರ್ಗಾಕ್ಕೋ ಹೋಗಿ ಬಂದು, ಕೊನೆಗೆ ಯಾರೋ ಕಳಿಸಿದರು ಅಂತ ಅತ್ತೆ, ಅಣ್ಣ, ಮಕ್ಕಳನ್ನೆಲ್ಲ ಕಟ್ಟಿಕೊಂಡು ಬರುತ್ತಾರೆ. ಬೈದರೆ ಮತ್ತೆ ಬರೋದಿಲ್ಲ. ನಾನಂತೂ ಹರಕೆ ತೀರಿಸಿ, ಗುಳಿಗೆ ಬಿಡಬೇಡಿ ಅನ್ನುತ್ತೇನೆ. ಗುಳಿಗೆ ಬರೆಯೋದು ಸೈಕಿಯಾಟ್ರಿಸ್ಟ್, ನಾವಲ್ಲ. ಅಪ್ಪನಿಗೆ ಇದನ್ನೂ ಹೇಳಿ, ನೀವು ಎಂಬಿಬಿಎಸ್ ಡಾಕ್ಟರ್ ಆಗೋದಿಲ್ಲ.

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿ:
ಮೇಲಿನವರು ಬೋರು ಹೊಡೆಸುವ ಭಾಗ ಬಿಟ್ಟರು, ನಾನು ಹೇಳುತ್ತೇನೆ. ಸಿನಿಮಾದಲ್ಲಿ ಸೋಫಾ, ಮೆಲ್ಲಗೆ ಮಾತು. ಇಲ್ಲಿ ದಿನದ ದೊಡ್ಡ ಪಾಲು ಐಕ್ಯೂ ಟೆಸ್ಟ್. ಬುದ್ಧಿಮಾಂದ್ಯ ಮಕ್ಕಳ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅಂಗವೈಕಲ್ಯ ಎಷ್ಟು ಶೇಕಡಾ ಅಂತ ಬೇಕು, 40% ದಾಟಿದರೆ ಹೆಚ್ಚಿನ ಸೌಲಭ್ಯ. ಹಾಗಾಗಿ ಜೇವರ್ಗಿ, ಸೇಡಂ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ತಾಯಂದಿರು ಬಂದು ಕೂತಿರುತ್ತಾರೆ. ಉಪವಾಸ ಇದ್ದ ಮಗುವಿಗೆ ಟೆಸ್ಟ್ ಮಾಡಿದರೆ ಅಂಕಿಗೆ ಬೆಲೆ ಇಲ್ಲ. ಮೊದಲು ಬಿಸ್ಕತ್ತು, ಆಮೇಲೆ ಪ್ರಶ್ನೆ. ಅಂದಹಾಗೆ, ಇವತ್ತಿಗೂ ಬಳಸುವ ಬಿನೆ-ಕಾಮತ್ ಐಕ್ಯೂ ಟೆಸ್ಟನ್ನು ಕಾಮತರು ಮೊದಲು ಅಳವಡಿಸಿದ್ದೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ.

ದಖನಿ ಉರ್ದು ಕಲಿಯಿರಿ. ಸೇಡಂ ಗಡಿಗೆ ತೆಲುಗೂ ಬೇಕು. ದುಭಾಷಿಯಾಗಿ ಗಂಡನನ್ನೇ ಕೂರಿಸಿಕೊಂಡು ಹೆಂಡತಿಯ ದುಃಖ ಕೇಳೋಕೆ ಆಗುತ್ತಾ?

ಸಂಬಳದ ಬಗ್ಗೆ ಆಸೆ ಹುಟ್ಟಿಸೋದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಲಸ ಜಾಸ್ತಿ ಗುತ್ತಿಗೆಯದೇ. ಖಾಸಗಿಯಲ್ಲಿ ಜನ ಒಂದು ಸಲ ಬರುತ್ತಾರೆ, "ಬರೀ ಮಾತಾಡೋಕೆ ಫೀಸಾ?" ಅಂತ ಎರಡನೇ ಸಲ ಬರೋದಿಲ್ಲ. ಗಟ್ಟಿ ನಿಲ್ಲೋಕೆ ಕೆಲವು ವರ್ಷ ಬೇಕೇ ಬೇಕು. ರಾಜ್ಯ ಸರ್ಕಾರದ ಹುದ್ದೆ ಕರೆದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟ್ ಇರಲಿ, ಈಗಲೇ ಮಾಡಿಸಿಕೊಳ್ಳಿ.

ಆಳಂದದ ಹುಡುಗಿ:
ಇಬ್ಬರಿಗೂ ಥ್ಯಾಂಕ್ಸ್. ಆ ಫೋನ್ ನಂಬರ್ ಬ್ಲಾಕ್ ಮಾಡಿದೆ. ಎಂಎ ಗುಲಬರ್ಗಾ ವಿವಿಯಲ್ಲಾ, ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿಯಲ್ಲಾ? ಕಡಗಂಚಿ ನಮ್ಮೂರಿಗೆ ಹತ್ತಿರ.

ಬೀದರ್ ಕೋಟೆ:
ಎರಡಕ್ಕೂ ಅರ್ಜಿ ಹಾಕಿ, ಸಿಕ್ಕಿದ್ದಕ್ಕೆ ಸೇರಿ. 55% ಮಾತ್ರ ಬಿಡಬೇಡಿ. ಪ್ರವೇಶ ಪರೀಕ್ಷೆಗೆ ಸ್ಟ್ಯಾಟಿಸ್ಟಿಕ್ಸ್ ಈಗಿಂದಲೇ ಓದಿ, ನಮ್ಮ ಕಡೆಯ ಮಕ್ಕಳು ಅಲ್ಲೇ ಜಾರೋದು.