ಮಳೆ ಬಿಟ್ಟ ಮೇಲೆ ಡಬ್ಲ್ಯುಪಿಸಿ ಡೆಕ್ ಮೇಲೆ ಪಾಚಿ, ಕಪ್ಪು ಚುಕ್ಕೆ, ಬಿಳಿ ಮಬ್ಬು: ಏನು ಹಾಕಿ ತೊಳೆಯುವುದು?

ತಾರಸಿತೋಟ (ಮಂಗಳೂರು):

ಮನೆಯ ತಾರಸಿಯಲ್ಲಿ 5 ಮೀಟರ್ ಉದ್ದ, 3 ಮೀಟರ್ ಅಗಲದ ಡಬ್ಲ್ಯುಪಿಸಿ (ಮರದ ಹೊಟ್ಟು, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಡೆಕ್ ಉಂಟು. ಹಾಕಿಸಿ ನಾಲ್ಕು ವರ್ಷ ಆಯಿತು. ಟೊಳ್ಳು ಹಲಗೆ, 25 ಮಿ.ಮೀ. ದಪ್ಪ, ಕಡು ಕಂದು ಬಣ್ಣ, ಮೇಲೆ ಉದ್ದುದ್ದ ಗೀರು. ಕೆಳಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಫ್ರೇಮ್, ಅದರಡಿ ಸಿಮೆಂಟ್ ನೆಲ. ಹಲಗೆಗಳ ನಡುವೆ 5 ಮಿ.ಮೀ. ಸಂದು ಬಿಟ್ಟಿದ್ದಾರೆ, ಆದರೆ ಅರ್ಧಕ್ಕರ್ಧ ಸಂದು ಈಗ ಮಣ್ಣು, ಎಲೆ ಸೇರಿ ಮುಚ್ಚಿಹೋಗಿದೆ.

ನೆರಳಿರುವ ಮೂಲೆಯಲ್ಲಿ ಹಸಿರು ಪಾಚಿ, ಕಾಲಿಟ್ಟರೆ ಜಾರುತ್ತದೆ. ಉಳಿದ ಕಡೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಹೂಕುಂಡಗಳ ಸುತ್ತ ಬಿಳಿ ಮಬ್ಬು. ಒದ್ದೆಯಾದಾಗ ಕಾಣುವುದಿಲ್ಲ, ಒಣಗಿದರೆ ಪುನಃ ಪ್ರತ್ಯಕ್ಷ. ಗೋಡೆ ಪಕ್ಕದ ಎರಡು ಹಲಗೆಯ ತುದಿ ಸ್ವಲ್ಪ ಉಬ್ಬಿದೆ. ಪ್ರೆಶರ್ ವಾಷರ್ ಬಾಡಿಗೆಗೆ ಸಿಗುತ್ತದೆ, ಅದರಲ್ಲೇ ಹೊಡೆದುಬಿಡಬಹುದಾ? ಬ್ಲೀಚಿಂಗ್ ಪೌಡರ್ ಹಾಕಿ ಅಂತಲೂ ಒಬ್ಬರು ಹೇಳಿದರು.

ಉಳಿಸುತ್ತಿಗೆ:

ಎರಡನ್ನೂ ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ್ದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಇವೆ, ಒಂದಕ್ಕೆ ಹಾಕುವುದು ಇನ್ನೊಂದನ್ನು ಕೆಡಿಸುತ್ತದೆ.

ಮೊದಲು ಹಲಗೆ ಯಾವ ಜಾತಿಯದು ನೋಡಿ. ಹಲಗೆಯ ತುದಿ ಮುಚ್ಚುವ ಬಿರಡೆ, ಅಂದರೆ ಎಂಡ್ ಕ್ಯಾಪ್, ಒಂದನ್ನು ಕಿತ್ತು ಕತ್ತರಿಸಿದ ತುದಿಯನ್ನು ಬೆಳಕಿನಲ್ಲಿ ಹಿಡಿದು ನೋಡಿ. ಹೊರಗಡೆ ಸುತ್ತ ಉಗುರಿನಷ್ಟು ತೆಳುವಾದ ಪ್ಲಾಸ್ಟಿಕ್ ಪದರ ಬೇರೆಯಾಗಿ ಕಂಡರೆ ಅದು ಕ್ಯಾಪ್ಡ್ ಹಲಗೆ. ಒಳಗೂ ಹೊರಗೂ ಒಂದೇ ಬಣ್ಣ, ಒಂದೇ ಹೂರಣ ಇದ್ದರೆ ಕ್ಯಾಪ್ ಇಲ್ಲದ್ದು. ಡಬ್ಲ್ಯುಪಿಸಿ ಅಂದರೆ ಮರದ ಹೊಟ್ಟು ಮತ್ತು ಪ್ಲಾಸ್ಟಿಕ್ ಬೆರೆಸಿ ಎಳೆದದ್ದು, ಅರ್ಧಕ್ಕಿಂತ ಹೆಚ್ಚು ಹೊಟ್ಟೇ ಇರುವುದು ಸಾಮಾನ್ಯ. ಕ್ಯಾಪ್ ಇಲ್ಲದ ಹಲಗೆಯಲ್ಲಿ ಆ ಹೊಟ್ಟು ಮೇಲ್ಮೈಗೇ ಬಂದಿರುತ್ತದೆ, ನೀರು ಕುಡಿಯುತ್ತದೆ, ಬೂಷ್ಟು ಅದರೊಳಗೆ ಬೇರು ಬಿಡುತ್ತದೆ. ಕ್ಯಾಪ್ ಇದ್ದರೆ ಬೂಷ್ಟು ಬೆಳೆಯುವುದು ಮೇಲೆ ಕೂತ ಧೂಳು, ಪರಾಗ, ಎಲೆ ಪುಡಿಯ ಮೇಲೆ ಮಾತ್ರ, ತಿಕ್ಕಿದರೆ ಹೋಗುತ್ತದೆ. ಸೋಪಿಗೆ ನಿಮ್ಮ ಚುಕ್ಕೆ ಜಗ್ಗಲಿಲ್ಲ ಅಂದರೆ ಕ್ಯಾಪ್ ಇಲ್ಲ ಅಂತ ನನ್ನ ಊಹೆ.

ಆಮೇಲೆ ಮೂರು ಸಣ್ಣ ಪರೀಕ್ಷೆ, ಎಲ್ಲವೂ ಕಣ್ಣಿಗೆ ಬೀಳದ ಮೂಲೆಯಲ್ಲಿ.

ಕಪ್ಪು ಚುಕ್ಕೆಯ ಮೇಲೆ ಬಟ್ಟೆಗೆ ಹಾಕುವ ದ್ರವ ಬ್ಲೀಚ್ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಬೂಷ್ಟು. ಹಾಗೇ ಉಳಿದರೆ ಕಬ್ಬಿಣದ ಕಲೆ ಇರಬಹುದು, ತುಕ್ಕು ಮತ್ತು ಮರದ ಒಗರು ಸೇರಿದರೂ ಹೀಗೇ ಕಪ್ಪಾಗುತ್ತದೆ.

ಬಿಳಿ ಮಬ್ಬಿನ ಮೇಲೆ ಒಂದು ಹನಿ ವಿನೆಗರ್. ನೊರೆಗುಳ್ಳೆ ಎದ್ದರೆ ನೀರಿನ ಸುಣ್ಣ, ಅಥವಾ ಕುಂಡದ ಮಣ್ಣಿನಿಂದ ಇಳಿದ ಸುಣ್ಣದ ಅಂಶ. ಬ್ಲೀಚ್ ಬಿಟ್ಟ ಜಾಗದಲ್ಲಿ ವಿನೆಗರ್ ಬಿಡಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ಕ್ಲೀನರ್‌ಗೂ ಇದೇ ಮಾತು, ಅದರಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್.

ಮೂರನೆಯದು, ಒಣ ಬಿಳಿ ಬಟ್ಟೆಯಿಂದ ಬಿಸಿಲು ಬೀಳುವ ಹಲಗೆಯನ್ನು ಉಜ್ಜಿ. ಬಟ್ಟೆಗೆ ಕಂದು ಪುಡಿ ಹತ್ತಿದರೆ ಅದು ಕೊಳೆಯಲ್ಲ, ಬಿಸಿಲಿಗೆ ಮೇಲ್ಮೈ ಸವೆದಿದೆ. ಅದಕ್ಕೆ ತೊಳೆಯುವ ಯಾವ ದ್ರವವೂ ಉಪಯೋಗವಿಲ್ಲ, ಸುಮ್ಮನೆ ದುಡ್ಡು ದಂಡ.

ತಾರಸಿತೋಟ:

ನೋಡಿದೆ. ಒಳಗೂ ಹೊರಗೂ ಒಂದೇ ಬಣ್ಣ, ಕ್ಯಾಪ್ ಇಲ್ಲ. ಚುಕ್ಕೆ ಬ್ಲೀಚಿಗೆ ತಿಳಿಯಾಯಿತು. ಬಿಳಿ ಮಬ್ಬು ವಿನೆಗರಿಗೆ ಸಣ್ಣಗೆ ನೊರೆ ಬಂತು. ಪುಡಿ ಹತ್ತಲಿಲ್ಲ. ಹಾಗಾದರೆ ಇಡೀ ಡೆಕ್ಕಿಗೆ ಅದೇ ಬ್ಲೀಚ್ ನೀರು ಮಾಡಿ ಹಾಕಿದರಾಯಿತಲ್ಲ ಮಾರಾಯ್ರೆ?

ಉಳಿಸುತ್ತಿಗೆ:

ಬೇಡ. ಕ್ಲೋರಿನ್ ಬ್ಲೀಚ್ ಕ್ಯಾಪ್ ಇಲ್ಲದ ಹಲಗೆಯ ಬಣ್ಣವನ್ನೂ ತೇಪೆ ತೇಪೆಯಾಗಿ ತೆಗೆಯುತ್ತದೆ, ಜಿಐ ಫ್ರೇಮಿಗೂ ಹಲಗೆ ಹಿಡಿದಿಡುವ ಕ್ಲಿಪ್ಪಿಗೂ ತುಕ್ಕು ಹಿಡಿಸುತ್ತದೆ. ಬ್ಲೀಚಿಂಗ್ ಪೌಡರ್ ಇನ್ನೂ ಕೆಟ್ಟದ್ದು. ಅದರಲ್ಲಿ ಸುಣ್ಣದ ಅಂಶ ಇದೆ, ಗೀರುಗಳ ಒಳಗೆ ಕೂತು ಒಣಗಿದ ಮೇಲೆ ನಿಮ್ಮ ಬಿಳಿ ಮಬ್ಬು ಡೆಕ್ ತುಂಬ ಹರಡುತ್ತದೆ.

ನಿಮಗೆ ಬೇಕಾದ್ದು ಸೋಡಿಯಂ ಪರ್ಕಾರ್ಬೊನೇಟ್. ಆಕ್ಸಿಜನ್ ಬ್ಲೀಚ್ ಅಂತ ಬಟ್ಟೆ ಒಗೆಯುವುದಕ್ಕೆ ಮಾರುವ ಬಿಳಿ ಹರಳು. ವಾಸನೆ ಸೇರಿಸಿದ್ದು, ಸೋಪು ಬೆರೆಸಿದ್ದು ಬೇಡ. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗುತ್ತದೆ. ಬೂಷ್ಟನ್ನು ಸಾಯಿಸುವುದು ಮೊದಲನೆಯದು, ಜಿಡ್ಡು ಎಬ್ಬಿಸುವುದು ಎರಡನೆಯದು.

ಅದಕ್ಕೂ ಮೊದಲು ಸಂದು. ಇದನ್ನು ಬಿಟ್ಟು ಮೇಲೆ ಎಷ್ಟು ತೊಳೆದರೂ ಮುಂದಿನ ಮಳೆಗಾಲಕ್ಕೆ ಎಲ್ಲ ವಾಪಸ್. ಸಂದು ಮುಚ್ಚಿದರೆ ನೀರು ಕೆಳಗಿಳಿಯುವುದಿಲ್ಲ, ಗಾಳಿ ಮೇಲೇರುವುದಿಲ್ಲ, ಹಲಗೆ ಅಡಿಯಿಂದ ವಾರಗಟ್ಟಲೆ ತೇವವಾಗಿಯೇ ಇರುತ್ತದೆ. 3 ಮಿ.ಮೀ. ಪ್ಲೈವುಡ್‌ನ ಕಿರಿದಾದ ಪಟ್ಟಿ ಅಥವಾ ಹಳೆ ಪ್ಲಾಸ್ಟಿಕ್ ಸ್ಕೇಲ್ ತೂರಿಸಿ ಕಸವನ್ನು ಮೇಲಕ್ಕೆ ಎತ್ತಿ ತೆಗೆಯಿರಿ, ಕೆಳಗೆ ತಳ್ಳಬೇಡಿ. ಹ್ಯಾಕ್ಸಾ ಬ್ಲೇಡ್ ಬೇಡ, ಅಂಚು ಕೆತ್ತಿಹೋಗುತ್ತದೆ. ಕ್ಲಿಪ್ ಇರುವ ಜಾಗದಲ್ಲಿ ಪಟ್ಟಿ ತಡೆಯುತ್ತದೆ, ಬಲ ಹಾಕದೆ ಎತ್ತಿ ಆಚೆ ಕಡೆಯಿಂದ ಶುರು ಮಾಡಿ. ಎಲ್ಲ ಒಣಗಿರುವಾಗಲೇ ಮಾಡಬೇಕು, ಹಸಿ ಮಣ್ಣು ಮೆತ್ತಿಕೊಳ್ಳುತ್ತದೆಯೇ ಹೊರತು ಬರುವುದಿಲ್ಲ.

ಆಮೇಲೆ ಗುಡಿಸಿ, ಪೈಪಿನಲ್ಲಿ ನೀರು ಬಿಟ್ಟು ಹಲಗೆ ನೆನೆಸಿ. 15 ಚದರ ಮೀಟರಿಗೆ ಸುಮಾರು 12 ಲೀಟರ್ ದ್ರಾವಣ ಬೇಕು. ಒಂದೇ ಸಲ ಕಲಸಬೇಡಿ, 6 ಲೀಟರಿನ ಎರಡು ಕಂತು ಮಾಡಿ. ಲೀಟರಿಗೆ 60 ಗ್ರಾಂ, ಅಂದರೆ ಬಕೆಟ್ಟಿಗೆ 360 ಗ್ರಾಂ. ನೀರು ಕೈಗೆ ಬೆಚ್ಚಗಿರಲಿ, 40ರಿಂದ 50 ಡಿಗ್ರಿ. ತಣ್ಣೀರಿನಲ್ಲಿ ಹರಳು ನಿಧಾನವಾಗಿ ಕರಗುತ್ತದೆ. ಕಲಸಿದ್ದನ್ನು ಮುಚ್ಚಿದ ಕ್ಯಾನಿನಲ್ಲೋ ಸ್ಪ್ರೇಯರಿನಲ್ಲೋ ಇಡಬೇಡಿ, ಆಮ್ಲಜನಕ ಬಿಡುತ್ತಾ ಹೋಗಿ ಡಬ್ಬಿ ಸಿಡಿಯುತ್ತದೆ. ಕೆಲವು ಗಂಟೆಯಲ್ಲಿ ಕಸುವೂ ಹೋಗುತ್ತದೆ, ಉಳಿದದ್ದು ನಾಳೆಗೆ ಬರುವುದಿಲ್ಲ.

ಬೆಳಗ್ಗೆ ಬೇಗ ಅಥವಾ ಸಂಜೆ ಹಾಕಿ. 15–20 ನಿಮಿಷ ಹಲಗೆ ಒದ್ದೆಯಾಗಿಯೇ ಇರಬೇಕು, ಒಣಗುತ್ತಾ ಬಂದರೆ ಮೇಲೆ ಇನ್ನಷ್ಟು ಸುರಿಯಿರಿ. ನೈಲಾನ್ ಬ್ರಷ್ಷಿನಲ್ಲಿ ಗೀರಿನ ಉದ್ದಕ್ಕೆ ತಿಕ್ಕಿ, ಅಡ್ಡಕ್ಕೆ ತಿಕ್ಕಿದರೆ ಕೊಳೆ ಗೀರಿನೊಳಗೇ ಕೂರುತ್ತದೆ. ಹಿಡಿಸೂಡಿ ಪರವಾಗಿಲ್ಲ, ತಂತಿ ಬ್ರಷ್ ಬೇಡ. ಅದರ ಮುರಿದ ಎಳೆ ಒಂದೊಂದೂ ಒಂದೊಂದು ತುಕ್ಕು ಚುಕ್ಕೆ ಆಗುತ್ತದೆ. ಕೊನೆಗೆ ಧಾರಾಳ ನೀರು. ಕಪ್ಪು ಚುಕ್ಕೆ ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಎರಡು ದಿನ ಒಣಗಲು ಬಿಟ್ಟು ಇನ್ನೊಮ್ಮೆ. ಕೈಗವಸು, ಕನ್ನಡಕ ಮರೆಯಬೇಡಿ. ಕುಂಡಗಳನ್ನು ಮೊದಲೇ ಆಚೆ ಇಡಿ.

ಬೋರ್‌ವೆಲ್ ನೀರು (ಬೆಂಗಳೂರು):

ಪ್ರೆಶರ್ ವಾಷರ್ ಪೂರ್ತಿ ಬೇಡ ಅನ್ನುವುದು ಸ್ವಲ್ಪ ಅತಿಯಾಯಿತು ಸರ್. ನೀರಿನ ಒತ್ತಡ 1500 ಪಿಎಸ್‌ಐ, ಅಂದರೆ ಸುಮಾರು 100 ಬಾರ್ ಒಳಗಿದ್ದು, 40 ಡಿಗ್ರಿ ಬೀಸಣಿಗೆ ನಾಜಲ್ ಹಾಕಿ, 30 ಸೆಂ.ಮೀ. ದೂರದಿಂದ ಹಲಗೆಯ ಉದ್ದಕ್ಕೆ ಓಡಿಸಿದರೆ ಕ್ಯಾಪ್ಡ್ ಹಲಗೆಗೆ ಏನೂ ಆಗುವುದಿಲ್ಲ.

ಉಳಿಸುತ್ತಿಗೆ:

ಕ್ಯಾಪ್ಡ್ ಹಲಗೆಗೆ ಒಪ್ಪಿದೆ. ಇವರದ್ದು ಕ್ಯಾಪ್ ಇಲ್ಲದ್ದು, ನಾಲ್ಕು ಮಳೆಗಾಲ ಕಂಡದ್ದು. ಧಾರೆ ಬಿದ್ದ ಕಡೆ ಹೊಟ್ಟು ನಾರುನಾರಾಗಿ ಎದ್ದು ನಿಲ್ಲುತ್ತದೆ, ಆ ನಾರು ಮೊದಲಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಜೊತೆಗೆ ಬಾಡಿಗೆ ಮೆಷಿನ್ನಿಗೆ ಸುತ್ತುವ ಟರ್ಬೊ ನಾಜಲ್ಲೇ ಸಿಕ್ಕಿಸಿ ಕೊಡುತ್ತಾರೆ. ಅದು ಮಾತ್ರ ಯಾವ ಹಲಗೆಗೂ ಸಲ್ಲ.

ಬೋರ್‌ವೆಲ್ ನೀರು:

ಅದು ಸರಿ. ಬಿಳಿ ಮಬ್ಬಿನ ಬಗ್ಗೆ ನಾನು ಹೇಳುತ್ತೇನೆ, ಗಡಸು ನೀರಿನ ಊರಿನವರಿಗೆ ಇದು ನಿತ್ಯದ ಗೋಳು. ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಮಬ್ಬಿರುವಲ್ಲಿ ಮಾತ್ರ ಹಚ್ಚಿ, ಐದು ನಿಮಿಷ ಬಿಟ್ಟು ತಿಕ್ಕಿ ತೊಳೆಯಿರಿ. ಕೆಳಗೆ ಸಿಮೆಂಟ್ ನೆಲ ಇರುವುದರಿಂದ ಬಕೆಟ್‌ಗಟ್ಟಲೆ ಸುರಿಯಬೇಡಿ, ಆಮ್ಲ ಸಿಮೆಂಟನ್ನು ತಿನ್ನುತ್ತದೆ. ತೊಳೆದ ಮೇಲೆ ರಬ್ಬರ್ ವೈಪರಿನಲ್ಲಿ ನೀರು ಎಳೆದುಬಿಡಿ. ಗಡಸು ನೀರು ತಾನಾಗಿ ಆರಲು ಬಿಟ್ಟರೆ ಅದೇ ಹೊಸ ಮಬ್ಬು.

ತುಕ್ಕು ಕಲೆಗೆ ಆಕ್ಸಾಲಿಕ್ ಆಸಿಡ್ ಹಾಕಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಲೀಟರಿಗೆ 50 ಗ್ರಾಂ, ಕಬ್ಬಿಣದ ಸ್ಟ್ಯಾಂಡ್ ನಿಂತ ಗುರುತಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಬೋರ್‌ವೆಲ್ ನೀರಿನಲ್ಲಿ ಕಲಸಿದರೆ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಅದು ನೀರಿಗೂ ಕರಗದು, ವಿನೆಗರಿಗೂ ಜಗ್ಗದು. ಕಂದು ಕಲೆ ಹೋಗಿ ಬಿಳಿ ಕಲೆ ಬಂತು ಅಂತ ಬೈದುಕೊಳ್ಳುವವರೆಲ್ಲ ಮಾಡಿರುವುದು ಇದೇ. ಹಿಡಿದಿಟ್ಟ ಮಳೆನೀರಿನಲ್ಲಿ ಕಲಸಿ, ಮಳೆನೀರಿನಲ್ಲೇ ತೊಳೆಯಿರಿ. ವಿಷ, ಮಕ್ಕಳು ಬೆಕ್ಕು ನಾಯಿ ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಕುಂಡದ ಅಡಿಗೆ 2–3 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಕಾಲು ಕೊಡಿ. ರಬ್ಬರ್ ಮ್ಯಾಟ್ ಮಾತ್ರ ಹಾಸಬೇಡಿ, ರಬ್ಬರಿನಿಂದ ಇಳಿಯುವ ಎಣ್ಣೆಯಂಥ ರಾಸಾಯನಿಕ ಹಲಗೆಯ ಬಣ್ಣ ಬದಲಿಸುತ್ತದೆ, ಆ ಗುರುತು ಹೋಗುವುದೇ ಇಲ್ಲ.

ಹೊಸಮನೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ಹೊಸ ಡೆಕ್, ಎರಡು ತಿಂಗಳಾಗಿದೆ. ಮಳೆ ಬಂದರೆ ಟೀ ಬಣ್ಣದ ನೀರು ಇಳಿದು ಕೆಳಗಿನ ಬಿಳಿ ಗೋಡೆ ಕಲೆಯಾಗಿದೆ. ಹಲಗೆ ಕಳಪೆಯಾ? ಮತ್ತೆ ದೀಪಾವಳಿಗೆ ಡೆಕ್ ಮೇಲೆ ಹಣತೆ ಇಡಬಹುದಾ?

ಉಳಿಸುತ್ತಿಗೆ:

ಕಳಪೆ ಅಲ್ಲ. ಮರದ ಹೊಟ್ಟಿನ ಒಗರು ನೀರಿಗೆ ಬಿಡುತ್ತಿದೆ, ಕ್ಯಾಪ್ ಇಲ್ಲದ ಹಲಗೆಯಲ್ಲಿ ಮೊದಲ ಕೆಲವು ತಿಂಗಳು ಇದು ಸಹಜ, ಬಣ್ಣವೂ ಆಗಲೇ ಒಂದು ಛಾಯೆ ತಿಳಿಯಾಗಿ ನಿಲ್ಲುತ್ತದೆ. ಆಗಾಗ ಪೈಪಿನಲ್ಲಿ ತೊಳೆದರೆ ಬೇಗ ಮುಗಿಯುತ್ತದೆ. ಗೋಡೆಗೆ ಬಣ್ಣ ಹೊಡೆಸುವುದನ್ನು ಅಲ್ಲಿಯವರೆಗೆ ತಡೆಯಿರಿ.

ಹಣತೆ ನೇರವಾಗಿ ಬೇಡ. ಹಲಗೆಯಲ್ಲಿರುವ ಪಾಲಿಥಿನ್ ಪ್ಲಾಸ್ಟಿಕ್ ಕರಗುವುದು ಸುಮಾರು 130 ಡಿಗ್ರಿಗೆ, ಹಣತೆ ಪಕ್ಕಕ್ಕೆ ವಾಲಿದರೆ ಸಾಕು ಕುಳಿ ಬೀಳಲು. ಅದಕ್ಕಿಂತ ಹೆಚ್ಚಾಗಿ, ಮಣ್ಣಿನ ಹಣತೆ ಎಣ್ಣೆ ಜಿನುಗುತ್ತದೆ, ಬೆಳಗಾಗುವಷ್ಟರಲ್ಲಿ ಸಾಲಾಗಿ ದುಂಡು ಕಲೆ. ಸ್ಟೀಲ್ ತಟ್ಟೆ ಅಥವಾ ಟೈಲ್ಸ್ ತುಂಡಿನ ಮೇಲಿಡಿ. ಎಣ್ಣೆ ಚೆಲ್ಲಿದರೆ ತಕ್ಷಣ ಕಡಲೆಹಿಟ್ಟು ಉದುರಿಸಿ ಹೀರಿಸಿ, ಆಮೇಲೆ ಪಾತ್ರೆ ತೊಳೆಯುವ ದ್ರವ, ಬಿಸಿನೀರು. ರಾತ್ರಿ ಕಳೆದರೆ ಒಳಗಿಳಿದಿರುತ್ತದೆ. ಸುರುಸುರುಬತ್ತಿಯ ಕಿಡಿ ಸುಟ್ಟ ಗುರುತು ತೊಳೆದರೆ ಹೋಗುವುದಿಲ್ಲ. ಕ್ಯಾಪ್ ಇಲ್ಲದ್ದಕ್ಕೆ 80 ನಂಬರಿನ ಉಪ್ಪುಕಾಗದ ಉದ್ದಕ್ಕೆ ಉಜ್ಜಬಹುದು, ಉಜ್ಜಿದ ಜಾಗದ ಬಣ್ಣ ಬೇರೆ ಕಂಡರೂ ಬಿಸಿಲಿಗೆ ಮೆಲ್ಲನೆ ಹೊಂದಿಕೊಳ್ಳುತ್ತದೆ. ಕ್ಯಾಪ್ಡ್ ಹಲಗೆಗೆ ಉಪ್ಪುಕಾಗದ ತಾಗಿಸಲೇಬಾರದು. ಅರಿಶಿನದ ಕಲೆಗೆ ತಲೆಕೆಡಿಸಿಕೊಳ್ಳಬೇಡಿ, ಸೋಪು ಹಾಕಿ ತೊಳೆದು ಬಿಸಿಲಿಗೆ ಬಿಟ್ಟರೆ ತಾನೇ ಮಾಸುತ್ತದೆ.

ಹಿತ್ತಲಬಾಗಿಲು (ಮಿಷಿಗನ್):

ಇಲ್ಲಿಯ ಚಳಿಗಾಲ ಕೇಳುವವರಿಗೆ ಎರಡು ಮಾತು. ಅಕ್ಟೋಬರಿನಲ್ಲಿ ಓಕ್, ಮೇಪಲ್ ಎಲೆ ಉದುರಿದ ಕೂಡಲೇ ಗುಡಿಸಿ. ಹಸಿ ಎಲೆ ಹಿಮದಡಿ ಕೂತರೆ ಎಲೆಯಾಕಾರದ ಕಂದು ಅಚ್ಚು ಬೀಳುತ್ತದೆ. ಹಿಮ ತೆಗೆಯುವುದಕ್ಕೆ ಪ್ಲಾಸ್ಟಿಕ್ ಸಲಿಕೆ, ಅದೂ ಹಲಗೆಯ ಉದ್ದಕ್ಕೆ. ಅಡ್ಡಕ್ಕೆ ತಳ್ಳಿದರೆ ಅಂಚಿಗೆ ಸಿಕ್ಕಿ ಚಕ್ಕೆ ಏಳುತ್ತದೆ. ತಳಕ್ಕೆ ಕಚ್ಚಿದ ಐಸನ್ನು ಕೆರೆಯಬೇಡಿ, ಕ್ಯಾಲ್ಸಿಯಂ ಕ್ಲೋರೈಡ್ ಉದುರಿಸಿ ಕಾಯಿರಿ, ಐಸ್ ಕರಗಿದ ದಿನ ತೊಳೆದುಬಿಡಿ.

ತಾರಸಿತೋಟ:

ಸಂದು ಬಿಡಿಸಿ, ಪರ್ಕಾರ್ಬೊನೇಟ್ ಎರಡು ಸಲ ಹಾಕಿ ಆಯಿತು. ಪಾಚಿ ಪೂರ್ತಿ ಹೋಗಿದೆ, ಚುಕ್ಕೆ ಹತ್ತಿರ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ತುದಿ ಉಬ್ಬಿದ ಹಲಗೆ ಬಿಚ್ಚಿದಾಗ ಒಳಗಿನ ಟೊಳ್ಳಿನಿಂದ ಒಂದು ಲೋಟ ಕಪ್ಪು ನೀರು ಬಿತ್ತು. ಹಲಗೆ ಗೋಡೆಗೆ ತಾಗಿಯೇ ಕೂತಿದೆ. ಕೆಳಗೆ ಫ್ರೇಮಿನ ಪೈಪಿನ ಹಿಂದೆ ನೀರು ನಿಂತ ಗುರುತು ಉಂಟು.

ಉಳಿಸುತ್ತಿಗೆ:

ಆ ಲೋಟ ನೀರಿನಲ್ಲೇ ಉತ್ತರ ಇದೆ. ಉಬ್ಬಿದ ತುದಿ ಒಣಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಸಣ್ಣ ಹಲ್ಲಿನ ಕಾರ್ಬೈಡ್ ಬ್ಲೇಡಿನಲ್ಲಿ ಕೆಟ್ಟಷ್ಟು ಭಾಗ ಕತ್ತರಿಸಿ, ಆ ಹಲಗೆಯನ್ನು ಗಿಡ್ಡ ಸಾಲಿಗೆ ಬಳಸಿ, ಅಲ್ಲಿಗೆ ಹೊಸದು ಹಾಕಿ. ಗೋಡೆ ಮತ್ತು ತುದಿಯ ನಡುವೆ 8–10 ಮಿ.ಮೀ. ಇರಲೇಬೇಕು. 2.4 ಮೀಟರ್ ಹಲಗೆ 30 ಡಿಗ್ರಿ ಏರಿಳಿತಕ್ಕೆ ಸುಮಾರು 3 ಮಿ.ಮೀ. ಉದ್ದವಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಕಡು ಬಣ್ಣದ ಹಲಗೆ 60 ಡಿಗ್ರಿ ದಾಟುತ್ತದೆ. ಜಾಗ ಇಲ್ಲದಿದ್ದರೆ ಗೋಡೆಯನ್ನು ತಳ್ಳುವುದಿಲ್ಲ, ತಾನೇ ಬಾಗುತ್ತದೆ. ಇಳಿಜಾರಿನ ಕೆಳಗಿನ ತುದಿಗೆ ಎಂಡ್ ಕ್ಯಾಪ್ ಬೇಡ, ಹುಳು ಹೋಗದ ಹಾಗೆ ನೈಲಾನ್ ಜಾಳಿಗೆ ಸಿಕ್ಕಿಸಿ, ಒಳಗಿನ ನೀರು ಹರಿದುಹೋಗಲಿ.

ಪೈಪಿನ ಹಿಂದೆ ನೀರು ನಿಂತಿದೆ ಅಂದರೆ ಪೈಪನ್ನು ಇಳಿಜಾರಿಗೆ ಅಡ್ಡ ಹಾಕಿದ್ದಾರೆ. ಫ್ರೇಮ್ ಪೂರ್ತಿ ತಿರುಗಿಸುವುದು ದೊಡ್ಡ ಕೆಲಸ, ಸದ್ಯಕ್ಕೆ ಅಲ್ಲಲ್ಲಿ 10 ಮಿ.ಮೀ. ಪ್ಲಾಸ್ಟಿಕ್ ಪ್ಯಾಕಿಂಗ್ ಕೊಟ್ಟು ಪೈಪನ್ನು ನೆಲದಿಂದ ಎತ್ತಿ, ಅಡಿಯಿಂದ ನೀರು ಹೋಗುತ್ತದೆ. ಮರದ ತುಂಡು ಕೊಡಬೇಡಿ, ಗೆದ್ದಲಿಗೆ ಆಹ್ವಾನ. ಪೈಪಿನ ಕತ್ತರಿಸಿದ ತುದಿಗಳಿಗೆ ಜಿಂಕ್ ಪೇಂಟ್ ಎರಡು ಕೋಟ್. ಕ್ಲಿಪ್, ಸ್ಕ್ರೂ ಬದಲಿಸುವಾಗ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಕೇಳಿ, ಕಡಲ ಗಾಳಿಗೆ 304 ಕೂಡ ಕಂದು ಚುಕ್ಕೆ ಬಿಡುತ್ತದೆ.

ಮೇ ಕೊನೆಗೆ ಸಂದು ಮತ್ತು ನೀರು ಹೋಗುವ ತೂತು ಒಮ್ಮೆ ಬಿಡಿಸಿ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಸುರಿಯುವ ಊರಿನಲ್ಲಿ ಮಳೆಯ ನಡುವೆ ರಾಸಾಯನಿಕ ಹಾಕಿ ಪ್ರಯೋಜನವಿಲ್ಲ, ಕೆಲಸ ಮಾಡುವ ಮೊದಲೇ ಕೊಚ್ಚಿಹೋಗುತ್ತದೆ. ಜುಲೈ, ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟ ದಿನ ಹಿಡಿಸೂಡಿಯಲ್ಲಿ ಉದ್ದಕ್ಕೆ ಗುಡಿಸಿ ಕುಂಡಗಳ ಜಾಗ ಬದಲಿಸಿದರೆ ಸಾಕು. ನೆರಳಿನ ಮೂಲೆಯ ಮೇಲೆ ಚಾಚಿದ ಬಳ್ಳಿ ಇದ್ದರೆ ಅದನ್ನು ಈಗಲೇ ಸವರಿಬಿಡಿ.